ಮರಿಯಾಗದ ಪಂಜರ

ಪ್ರೀತಿಯ ಭಾವನಿಗೆ ನಮಸ್ಕಾರ.

ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳಾಗಲೆಂದು ಸೋಮವಾರ ಅಕ್ಕನಿಗೆ ಇನ್ನೊಂದು ಆಪರೇಷನ್ ಎಂದು ನಿಮ್ಮ ತಾಯಿ ಹೇಳಿದರು. ಹೋದ ಸಲದ ನೋವೇ ಅವಳಿಗೆ ಇನ್ನೂ ಹೋಗಿಲ್ಲ.

ಸಾಹಿತ್ಯ ಓದಿದವನು ಪ್ರಯೋಗಾಲಯದಲ್ಲಿ ಇಲಿ ಸಾಕುತ್ತಾನೆಂದು ನೀವು ನಗುತ್ತೀರಿ. ಅಲ್ಲಿ ಯಾವಾಗಲೂ ಹೆಣ್ಣನ್ನೇ ಗಂಡಿನ ಪಂಜರಕ್ಕೆ ಬಿಡುತ್ತೇವೆ. ಹೊಸ ಜಾಗಕ್ಕೆ ಹಾಕಿದರೆ ಗಂಡು ಮೂಲೆ ಮೂಲೆ ಮೂಸುತ್ತಾ ಉಳಿದುಬಿಡುತ್ತದೆ. ಒಂದು ದಷ್ಟಪುಷ್ಟ ಗಂಡಿತ್ತು. ಬಿಟ್ಟ ಹೆಣ್ಣುಗಳನ್ನೆಲ್ಲ ಕೂಡಿತು, ಒಂದಕ್ಕೂ ಮರಿಯಾಗಲಿಲ್ಲ. ನಾನು ಮತ್ತೊಂದು ಹೆಣ್ಣನ್ನು ತರಲು ಹೊರಟಾಗ ಪ್ರಯೋಗಾಲಯದ ಮೇಡಂ ತಡೆದರು.

"ಹೆಣ್ಣುಗಳನ್ನ ಬಿಡಪ್ಪ, ಮೊದ್ಲು ಇವನನ್ನ ನೋಡೋಣ. ಕೂಡೋದೇ ಬೇರೆ, ಮರಿ ಹುಟ್ಟಿಸೋದೇ ಬೇರೆ."

ನೋಡಿದರೆ ಅದರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಹುಟ್ಟಿನಿಂದಲೇ ಹಾಗಂತೆ. ಅದರ ತಪ್ಪೇನೂ ಇಲ್ಲ.

ಮೊನ್ನೆ ಊಟಕ್ಕೆ ಕುಳಿತಾಗ ಅಕ್ಕ, "ನೀವೂ ಒಂದ್ಸಲ ತೋರಿಸ್ಕೊಳ್ಳಿ" ಎಂದಳು. ನೀವು ನನ್ನತ್ತ ತಿರುಗಿ, "ಏನೋ ಇಲಿ ಪಂಡಿತ, ನಾನು ಗಂಡಸಲ್ವೇನೋ?" ಎಂದು ನಕ್ಕಿರಿ. ನಾನೂ ನಕ್ಕೆ. ಅಕ್ಕ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾವ, ನಿಮ್ಮ ಗಂಡಸುತನದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಕೇಳುತ್ತಿರುವುದು ಬೇರೆಯೇ ಪ್ರಶ್ನೆ.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಕಾಯುತ್ತೇನೆ. ನಿಮ್ಮ ಪರೀಕ್ಷೆಗೆ ಚೀಟಿ ಮಾಡಿಸಿಟ್ಟಿರುತ್ತೇನೆ. ಹೊಸ ಜಾಗವೆಂದು ಅಂಜಬೇಡಿ, ಒಳಗೂ ಜೊತೆಗೆ ಬರುತ್ತೇನೆ. ಯಾರಿಗೂ ಹೇಳುವುದಿಲ್ಲ.

ಬರುವುದಾದರೆ, ಸೋಮವಾರಕ್ಕೆಂದು ಅಕ್ಕ ಕಟ್ಟಿಟ್ಟಿರುವ ಚೀಲವನ್ನು ಬಿಚ್ಚಲು ಹೇಳಿ. ಕಾರಣ ಹೇಳಬೇಕಿಲ್ಲ.

ಇತಿ,
ನಿಮ್ಮ ಇಲಿ ಪಂಡಿತ