ಗಂಡಸರಿಲ್ಲದ ಬೀದಿಯ ವೀಳ್ಯ

ಹೊಸಬೀದಿ, ಬೇಗೂರು ಹೋಬಳಿ, ಗುಂಡ್ಲುಪೇಟೆ ತಾಲ್ಲೂಕು
೬ ಮಾರ್ಚ್ ೨೦೦೫

ಚೈತ್ರಳ ಅಪ್ಪನವರಿಗೆ ಸುಧಾಮಣಿ ಮಾಡುವ ನಮಸ್ಕಾರಗಳು.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಗೆದ್ದಾಗಿನಿಂದ ಮನೆಯಲ್ಲಿ ಕೂತಿದ್ದೇ ಇಲ್ಲ. ಹೌದು ಕಣ್ರೀ, ಗೆದ್ದೆ! ನಮ್ಮ ಹೊಸಬೀದಿಯಿಂದ ಗ್ರಾಮ ಪಂಚಾಯಿತಿಗೆ ಮೊದಲನೇ ಮೆಂಬರು ನಿಮ್ಮ ಹೆಂಡತಿ. ಗಡಿಯಾಚೆ ನೀವು ಕೂಲಿಗಿರುವ ಬತ್ತೇರಿಯ ಶುಂಠಿ ಹೊಲದವರೆಗೂ ಸುದ್ದಿ ಬಂದಿರುತ್ತದೆ, ಆದರೂ ನನ್ನ ಬಾಯಿಂದ ಕೇಳಿ. ನಿಮ್ಮವ್ವ ಆರಾಮಾಗಿದ್ದಾರೆ. ಚೈತ್ರ ಸ್ಕೂಲಿನಲ್ಲಿ ಒಂದೇ ಸಮ ಜಂಬ ಕೊಚ್ಚುತ್ತಿದ್ದಾಳಂತೆ.

ಮೊನ್ನೆಯವರೆಗೂ ನಮ್ಮವರು ಅಂತ ಒಬ್ಬ ಮೆಂಬರಿದ್ದರೇ? ದೊಡ್ಡ ಬೀದಿಯ ಶಾಂತಮಲ್ಲಪ್ಪನವರಿಗೆ ಓಟು ಹಾಕುವುದು, ಆಮೇಲೆ ಕೊಡ ಹಿಡಿದು ಅವರ ಬೀದಿಯ ನಲ್ಲಿಗೇ ಹೋಗಿ ಬೈಸಿಕೊಳ್ಳುವುದು. ಈಗ ನೋಡಿ. ಆನೆ ಕಾಟ ತಾಳದೆ ಕಾಡಂಚಿನ ಮದ್ದೂರು ಕಡೆಯಿಂದ ಬಂದವರೆಲ್ಲ ನಮ್ಮ ಬೀದಿಯಲ್ಲೇ ಮನೆ ಕಟ್ಟಿಕೊಂಡರು. ದೊಡ್ಡ ಬೀದಿಯವರ ಮಕ್ಕಳು ಮೈಸೂರು ಸೇರಿದರು. ಅಲ್ಲಿ ಮನೆಗಳು ದೊಡ್ಡವು, ಒಳಗೆ ಜನವಿಲ್ಲ. ನಮ್ಮಲ್ಲಿ ಒಂದೊಂದು ಸೂರಿನಡಿ ಎರಡೆರಡು ಸಂಸಾರ. ತಲೆ ಎಣಿಸಿದ ಸರ್ಕಾರದವರು ನಮ್ಮ ಬೀದಿಗೇ ಒಂದು ಸೀಟು ಕೊಟ್ಟರು, ಅದೂ ಹೆಂಗಸರಿಗೆ.

ಬೀದಿಯ ಯಜಮಾನರಾದ ಗುರುಮಲ್ಲಯ್ಯನವರು ಮಾರಮ್ಮನ ಗುಡಿ ಮುಂದೆ ಬೀದಿಯವರನ್ನೆಲ್ಲ ಸೇರಿಸಿದರು. ಎಲ್ಲರೂ ನನ್ನ ಹೆಸರನ್ನೇ ಹೇಳಿದರು. ಇನ್ನು ಮಾತು ಗಟ್ಟಿ ಮಾಡಲು ವೀಳ್ಯ ಕೊಡಬೇಕು. ಬೀದಿಯ ಪದ್ಧತಿ ನಿಮಗೆ ಗೊತ್ತೇ ಇದೆ, ಹೆಂಗಸಿಗೆ ಸಲ್ಲುವ ವೀಳ್ಯವನ್ನೂ ಅವಳ ಮನೆಯ ಗಂಡಸೇ ಈಸಿಕೊಳ್ಳಬೇಕು. ಯಜಮಾನರು ಎಲೆ ಅಡಿಕೆ ಹಿಡಿದುಕೊಂಡು ಅತ್ತ ಇತ್ತ ನೋಡಿದರು.

"ನಿನ್ ಗಂಡ ಬರಗಂಟ ಇದ ಯಾರ್ ಕೈಗ್ ಕೊಡದಮ್ಮಿ?" ಎಂದರು.

ನಿಮ್ಮವ್ವ ಎದ್ದು ನಿಂತರು. "ಗಂಡಸ್ರು ಎಲ್ಲವ್ರೆ ಗುರುಮಲ್ಲಣ್ಣ ಈ ಬೀದೀಲಿ? ಎಲ್ಲಾ ಶುಂಠಿ ಕೀಳಕ್ಕೋಗವ್ರೆ. ಇಲ್ಲಿರೋರು ನಾವು. ಅವಳ್ ಕೈಗೇ ಕೊಟ್ಬುಡು."

ನಾನು ಸೆರಗೊಡ್ಡಿದೆ. ಗುರುಮಲ್ಲಯ್ಯನವರು ವೀಳ್ಯ ಹಾಕಿಬಿಟ್ಟರು. ಆ ಸಂಜೆಯೇ ಎಸ್‌ಟಿಡಿ ಬೂತಿಗೆ ಓಡಿ ನಿಮ್ಮ ಮೇಸ್ತ್ರಿ ಮನೆಗೆ ಫೋನು ಮಾಡಿದೆ. ನೀವು ಪೂರ್ತಿ ಕೇಳಲೂ ಇಲ್ಲ. "ನಾನಿನ್ನೂ ಬದ್ಕಿವ್ನಿ ಕಣಮ್ಮಿ" ಎಂದು ಇಟ್ಟುಬಿಟ್ಟಿರಿ. ಓಟಿನ ದಿನ ಬಂದರೆ ಎದುರಿಗೆ ಕೂತು ಹೇಳಿದರಾಯಿತು ಎಂದುಕೊಂಡೆ.

ನಾಮಪತ್ರ ಕೊಡುವಾಗ ಇನ್ನೊಂದು ಫಜೀತಿ. ಆಫೀಸರು ಗಂಡನ ಹೆಸರು ಹೇಳಮ್ಮ ಎಂದರು. ಮದುವೆಯಾದಾಗಿನಿಂದ ಹೇಳದವಳು ಅಲ್ಲಿ ಹೇಳುತ್ತೇನೆಯೇ? ಚೈತ್ರಳನ್ನು ಮುಂದೆ ತಳ್ಳಿ ಅವಳ ಬಾಯಲ್ಲಿ ಹೇಳಿಸಿದೆ. ಗಂಡನ ಹೆಸರು ಹೇಳದವಳು ಪಂಚಾಯಿತಿಯಲ್ಲಿ ಏನು ಮಾತಾಡುತ್ತಾಳೋ ಎಂದು ಶಾಂತಮಲ್ಲಪ್ಪನವರು ಎಲ್ಲರಿಗೂ ಕೇಳುವಂತೆ ನಕ್ಕರು. ಅವರು ತಮ್ಮ ಸೊಸೆಯನ್ನೇ ನನ್ನೆದುರು ನಿಲ್ಲಿಸಿದ್ದರು. ಪಾಪ, ಆ ಹುಡುಗಿ ಎಲ್ಲೂ ಕಾಣಲಿಲ್ಲ, ಪ್ರಚಾರಕ್ಕೆ ಬಂದಿದ್ದು ಮಾವನೇ.

ನಾನು ಬಿಟ್ಟೇನೇ? ಹಗಲೆಲ್ಲ ಕೂಲಿ, ಬಂದ ಮೇಲೆ ಮನೆ ಮನೆ. ಎಲ್ಲಿ ಹೋದರೂ ಬಾಗಿಲಿಗೆ ಬರುವುದು ಹೆಂಗಸರೇ. ಮದ್ದೂರಿನಿಂದ ಬಂದ ಕರಿಬಸಮ್ಮನಂತೂ ತನ್ನ ಕಡೆಯವರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಬಂದಳು. ಓಟಿನ ದಿನ ಗಂಡಸರನ್ನು ಕರೆತರಲು ಎಲ್ಲರೂ ಸೇರಿ ಬತ್ತೇರಿಗೆ ಜೀಪು ಕಳಿಸಿದೆವು. ಮಧ್ಯಾಹ್ನದ ಜೀಪಿನಲ್ಲಿ ನೀವಿರಲಿಲ್ಲ. ಸಂಜೆಯದರಲ್ಲಿ ಬರುತ್ತೀರೆಂದು ಓಟು ಮುಗಿಯುವ ಮೊದಲೇ ಮನೆಗೆ ಓಡಿ ಅವರೆಕಾಳಿನ ಉಪ್ಸಾರು ಮಾಡಿ, ರಾಗಿ ಹಿಟ್ಟು ತೊಳಸಿ ಕಾದೆ. ಮೇಸ್ತ್ರಿ ರಜೆ ಕೊಡಲಿಲ್ಲವಂತೆ ಎಂದು ನಿಮ್ಮವ್ವನಿಗೆ ನಾನೇ ಹೇಳಿದೆ.

ಎಣಿಕೆಯ ದಿನ ಗುಂಡ್ಲುಪೇಟೆಯಲ್ಲಿ ನನ್ನ ಹೆಸರು ಕೂಗಿದಾಗ ನಮ್ಮವರು ಹಾಕಿದ ಕೇಕೆಗೆ ಪೊಲೀಸಿನವನೇ ಬೆಚ್ಚಿಬಿದ್ದ. ಅಂತರ ಹೆಚ್ಚೇನಿಲ್ಲ, ಆದರೂ ಗೆಲುವು ಗೆಲುವೇ. ಮೊದಲನೇ ಮೀಟಿಂಗಿಗೇ ನಲ್ಲಿಯ ವಿಷಯ ಎತ್ತುತ್ತೇನೆ. ಯಾರು ನಗುತ್ತಾರೋ ನಗಲಿ.

ನೆಗಡಿಯಾದರೆ ಕಷಾಯ ಕುಡಿಯಿರಿ. ನಿಮ್ಮ ಹೆಸರಿನ ಬೆಟ್ಟದ ಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಮ್ಮವ್ವನ ಆಶೀರ್ವಾದ, ಚೈತ್ರಳ ಮುತ್ತು.

ಇಂತಿ ನಿಮ್ಮ
ಸುಧಾಮಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಓಟಿನ ಸಾಲಿನಲ್ಲಿ ಕೊನೆಗೆ ನಿಂತಿದ್ದ ನಮ್ಮ ಬೀದಿಯ ಪುಟ್ಟಸಿದ್ದಮ್ಮ ನಿನ್ನೆ ಹೇಳಿದಳು, "ನಿನ್ ಗಂಡ ಬಂದಿದ್ದ ಕಣಮ್ಮಿ, ಸಂಜೆ ಜೀಪಲ್ಲಿ. ಯಾರ್ನೂ ಮಾತಾಡುಸ್ನಿಲ್ಲ. ಓಟಾಕ್ಬುಟ್ಟು ಅದೇ ಜೀಪ್ ಅತ್ಕಂಡ್ ಓದ." ಓಟು ನಡೆದ ಸ್ಕೂಲಿನಿಂದ ಮನೆಗೆ ಕೂಗಳತೆ. ಒಲೆ ಮುಂದೆ ಕೂತವಳಿಗೆ ಆ ಜೀಪಿನ ಸದ್ದೂ ಕೇಳಿತ್ತು, ನೀವು ಬಂದಿರೆಂದು ತಟ್ಟೆ ತೊಳೆದಿಟ್ಟೆ. ಯಾರಿಗೆ ಹಾಕಿದಿರಿ ಎಂದು ಕೇಳುವುದಿಲ್ಲ. ವೀಳ್ಯ ಈಸಿಕೊಂಡಿದ್ದಕ್ಕೆ ತಪ್ಪಾಯಿತೆಂದೂ ಹೇಳುವುದಿಲ್ಲ. ಊರೆಲ್ಲ ನನ್ನ ಮನೆಗೆ ಬಂದಿತು, ನೀವು ಬರಲಿಲ್ಲ. ನನಗೆ ತುಂಬ ನೋವಾಗಿದೆ. ಪಂಚಾಯಿತಿಯಲ್ಲಿ ಮಾತಾಡಬೇಕಾದವಳು ನಾನು, ನಿಮ್ಮ ಹೆಸರಿನಿಂದಲೇ ಶುರು ಮಾಡುತ್ತೇನೆ. ಮಾದೇಶ, ಊಟಕ್ಕೆ ಬನ್ನಿ.