ಏಳುಕಡವಿನ ಜಾನು

ಜೂನ್ 6, 2023. ಮಂಗಳವಾರ

ಯೂನಿಫಾರ್ಮ್ ಇನ್ನೂ ಹತ್ತೊಂಬತ್ತು ಬಾಕಿ. ಸ್ಕೂಲ್ ಶುರುವಾಗಿ ಆರು ದಿನ. ಈಗ ಬಂದು ನಾಳೆಗೇ ಬೇಕು ಅನ್ನುತ್ತಾರೆ. ರಜೆಯಲ್ಲಿ ಎಲ್ಲಿ ಹೋಗಿದ್ದರೋ.

ಇವರು ಅಂಗಡಿ ಮುಂಭಾಗದಲ್ಲಿ ರಿಪೇರಿಗೆ ಬಂದ ಪದ್ಮಾಕ್ಷಿ ಟೀಚರ ಹೊಲಿಗೆ ಮೆಷಿನ್ ಬಿಚ್ಚಿ ಹರಡಿಕೊಂಡಿದ್ದಾರೆ. ಕೈಯಲ್ಲಿ ಮಾತ್ರ ಫೋನ್. ಒಬ್ಬರೇ ನಗುತ್ತಾರೆ. ಯಾವಳು ಅವಳು ಅಂತ ಕೇಳಿದೆ. ಕಥೆ ಬರೀತಿದೀನಿ ಅಂದರು. ಮಲಯಾಳಂ ಸ್ಕೂಲಿನಲ್ಲಿ ಓದಿದ ಮನುಷ್ಯ. ಕನ್ನಡ ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ, ನನ್ನ ಹತ್ತಿರ. ಈಗ ಕಥೆಗಾರರು! ಮೊದಲು ಒತ್ತಕ್ಷರ ನೆಟ್ಟಗೆ ಹಾಕಿ ಅಂದೆ. ಅದಕ್ಕೂ ನಗು.

ಬತ್ತೇರಿ ಪೇಟೆಯಲ್ಲಿ ಮಧ್ಯಾಹ್ನದಿಂದ ಕರೆಂಟಿಲ್ಲ. ಮೆಷಿನ್ ಕಾಲಲ್ಲೇ ತುಳಿದೆ.

ಜೂನ್ 8. ಗುರುವಾರ

ಇವತ್ತು ಊಟದ ಹೊತ್ತಿಗೆ ಇವರದೊಂದು ಪ್ರಶ್ನೆ. ಹನ್ನೊಂದು ವರ್ಷದ ಹುಡುಗಿಗೆ ಉದ್ದ ಲಂಗಕ್ಕೆ ಎಷ್ಟು ಬಟ್ಟೆ ಬೇಕು? ಎರಡೂವರೆ ಮೀಟರ್ ಅಂದೆ. ಕೆಳಗೆ ಮೂರು ಇಂಚು ಒಳಮಡಿಕೆ ಬಿಡಬೇಕು, ಬೆಳೆಯುವ ಮಕ್ಕಳು. ಯಾರ ಮಗುವಿಗೆ? ಅಂದರೆ, ಕಥೆಗೆ ಅಂದರು. ಕಥೆಗೆ ಲಂಗ ಹೊಲಿಯುವ ಬದಲು ಆ ಟೀಚರ ಮೆಷಿನ್ ಜೋಡಿಸಿ ಕೊಡಿ ಅಂತ ಬೈದೆ.

ಇನ್ನೂ ಹನ್ನೊಂದು ಯೂನಿಫಾರ್ಮ್. ಗುಂಡಿ ಖಾಲಿ.

ಜೂನ್ 27. ಮಂಗಳವಾರ

ಇವತ್ತಿಗೆ ಹದಿನೇಳು ದಿನ. ಆ ಶನಿವಾರ ಹನ್ನೊಂದು ಗಂಟೆ. ಇವರು ಟೀಚರ ಮೆಷಿನ್ನಿನ ಬಾಬಿನ್ ಕೇಸ್ ಕೈಯಲ್ಲಿ ಹಿಡಿದಿದ್ದರು. ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು, ಹಾಗೇ ಪಕ್ಕಕ್ಕೆ ವಾಲಿದರು. ಆಟೋದಲ್ಲೇ ಹೋಗಿಬಿಟ್ಟಿದ್ದರಂತೆ, ಡಾಕ್ಟರು ಹೇಳಿದ್ದು. ನಲವತ್ನಾಲ್ಕು ವರ್ಷ.

ತಿಥಿ ಆಯಿತು. ಬಂದವರೆಲ್ಲ ಹೊರಟರು. ಅತ್ತೆ ನಿಂಗಮ್ಮ ನೂಲ್ಪುಳದ ಮನೆಗೆ ವಾಪಸ್. ನಾನು ಅಂಗಡಿ ತೆಗೆದೆ. ಮನೆಯಲ್ಲಿ ಕೂತು ಏನು ಮಾಡಲಿ.

ಇವರ ಫೋನ್ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು. ಗ್ರೀಸ್ ಕೈಯಲ್ಲಿ ತೆಗೆಯಲಾಗದು ಅಂತ ಲಾಕ್ ಹಾಕಿರಲಿಲ್ಲ. ತೆಗೆದೆ. ಟೆಲಿಗ್ರಾಂ ಗ್ರೂಪ್ — ‘ಏಳುಕಡವು ಸೀಮೆ’. ಇವರ ಹೆಸರಿನ ಜಾಗದಲ್ಲಿ ಚಿಕ್ಕಮಾದು ಅಂತಿಲ್ಲ, ಕಾಳನ್ ಅಂತಿದೆ. ಯಾರೋ ಬರೆದಿದ್ದಾರೆ: ಕಾಳಣ್ಣ, ತೋಣಿ ಎಲ್ಲಿ? ಹೊಳೆ ದಾಟಲು ಜನ ದಡದಲ್ಲಿ ಕಾದಿದ್ದಾರೆ.

ತೋಣಿ ಅಂದರೆ ದೋಣಿ, ಆದರೆ ಯಾವ ದೋಣಿಯೋ, ಯಾವ ಹೊಳೆಯೋ ನನಗೆ ಗೊತ್ತಿಲ್ಲ. ಸ್ನೇಹಿತರು ಇರಬೇಕು, ತಿಳಿಸಬೇಕಲ್ಲ. ಬರೆದೆ: ‘ಅವರು ತೀರಿಕೊಂಡರು. ಜೂನ್ ಹತ್ತು, ಶನಿವಾರ. ಜಾಸ್ತಿ ನರಳಲಿಲ್ಲ. ನಾನು ಅವರ ಹೆಂಡತಿ.’

ಜೂನ್ 28. ಬುಧವಾರ

ನಲವತ್ತಮೂರು ಮೆಸೇಜ್. ‘ಎಂಥಾ ತಿರುವು ಗುರುವೇ!’ ‘ಎರಡೇ ಸಾಲಿನಲ್ಲಿ ಕೊಂದುಬಿಟ್ಟಿರಿ.’ ಹೊಳೆ ದಾಟುವ ಏಳೂ ಕಡವುಗಳಲ್ಲಿ ತೋಣಿಗಳನ್ನು ಕಟ್ಟಿಹಾಕಿದ್ದಾರಂತೆ, ಮೂರು ದಿನ ಯಾರೂ ಹೊಳೆ ದಾಟುವುದಿಲ್ಲವಂತೆ. ನಾರಾಯಣಿ ಅಂತ ಒಬ್ಬ ರಾಣಿ, ಅಕ್ಕಿ, ಕುಂಬಳಕಾಯಿ ಕಳಿಸಿದ್ದಾಳೆ. ಇನ್ನೊಬ್ಬರು ಕೇಳಿದ್ದಾರೆ — ಕಾಳನಿಗೆ ಹೆಂಡತಿ ಇದ್ದಳಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ?

ಮೈಯೆಲ್ಲ ಉರಿಯಿತು. ಮನುಷ್ಯ ಸತ್ತರೆ ಭೇಷ್ ಅನ್ನುತ್ತೀರಲ್ಲ, ನಿಮ್ಮ ಬಾಯಿಗೆ ಮಣ್ಣು ಬೀಳ ಅಂತ ಬರೆದೆ. ಅದಕ್ಕೂ ಚಪ್ಪಾಳೆ. ‘ಹೆಂಡತಿ ಪಾತ್ರ ಜೋರಾಗಿದೆ.’

ನಗು ಬಂತು. ಹದಿನೆಂಟು ದಿನದಲ್ಲಿ ಮೊದಲ ಸಲ. ಆಮೇಲೆ ಷಟರ್ ಅರ್ಧ ಇಳಿಸಿ ಅತ್ತುಬಿಟ್ಟೆ.

ಜೂನ್ 30. ಶುಕ್ರವಾರ

ತಪ್ಪು ನನ್ನದೇ. ಗ್ರೂಪ್ ಎರಡಿವೆ. ಒಂದು ‘ಸೀಮೆ’. ಅಲ್ಲಿ ಬರೆದದ್ದೆಲ್ಲ ಕಥೆ, ಬರೆಯುವವರೆಲ್ಲ ಪಾತ್ರ. ಹೊರಗಿನ ವಿಷಯ ಅಲ್ಲಿ ಎತ್ತಬಾರದು, ಯಾರಾದರೂ ಎತ್ತಿದರೂ ಅದನ್ನು ಕಥೆ ಅಂತಲೇ ತೆಗೆದುಕೊಳ್ಳಬೇಕು. ಇನ್ನೊಂದು ‘ಜಗಲಿ’. ಅಲ್ಲಿ ಮಾತ್ರ ನಿಜದ ಮಾತು. ನಾನು ಸಾವಿನ ಸುದ್ದಿಯನ್ನು ಸೀಮೆಯಲ್ಲಿ ಹೇಳಿದ್ದೆ. ನಿನ್ನೆ ಜಗಲಿ ಹುಡುಕಿ ಮತ್ತೆ ಬರೆದೆ, ಫೋಟೋ ಸಮೇತ. ಆಮೇಲೆ ಒಂದು ಗಂಟೆ ಒಂದು ಮೆಸೇಜ್ ಇಲ್ಲ.

ಬೆಳಿಗ್ಗೆ ಫೋನ್ ಬಂತು. ಸೀಮೆಯಲ್ಲಿ ಅವನು ಗುಂಡ, ಗಡಿ ಕಾಯುವವನು. ನಿಜದಲ್ಲಿ ಚಾಮರಾಜನಗರದ ಕಡೆಯ ಲೈನ್‌ಮನ್. ಮಾತಾಡಲಾಗದೆ ಅತ್ತ. ತಪ್ಪಾಯ್ತು ಅಕ್ಕ, ತಪ್ಪಾಯ್ತು ಅಂತ ಎಷ್ಟು ಸಲ ಅಂದನೋ. ಲಾಕ್‌ಡೌನಿನಲ್ಲಿ ಶುರುವಾದದ್ದಂತೆ, ನಲವತ್ತು ಜನ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲ ಸೇರಿ ಒಂದು ನಾಡು ಕಟ್ಟಿದ್ದಾರೆ. ಹೊಳೆ, ಕಾಡು, ಸಂತೆ, ಜಗಳ ಎಲ್ಲ ಇದೆ. ಇವರು ಅಲ್ಲಿ ತೋಣಿ ನಡೆಸುವ ಕಾಳನ್. ತೋಣಿ, ಕಡವು, ಚಾಯ, ಪೇಡಿ — ಇವೆಲ್ಲ ಆ ನಾಡಿಗೆಂದು ಕಾಳಣ್ಣ ಹುಟ್ಟಿಸಿದ ಪದ ಅಂದುಕೊಂಡು ಎಲ್ಲರೂ ಬಳಸುತ್ತಾರಂತೆ. ಅಯ್ಯೋ, ಅದು ನಮ್ಮ ಮನೆ ಮಾತು ಕಣಪ್ಪ, ಅರ್ಧ ಮಲಯಾಳಂ, ಚಾಯ ಅಂದರೆ ಟೀ, ಪೇಡಿ ಅಂದರೆ ಹೆದರಿಕೆ ಅಂದೆ. ಅವನಿಗೆ ಅಳುವಿನಲ್ಲೂ ನಗು.

ಕೊನೆಗೆ ಅವನು ಕೇಳಿದ್ದು — “ಅಕ್ಕ, ಈಗ ಜಾನೂನ ಏನ್ ಮಾಡೋದು?”

ಯಾವ ಜಾನು ಅಂದೆ.

“ಕಾಳಣ್ಣನ ಮಗಳು. ಹೋದ ತಿಂಗಳು ಹನ್ನೊಂದು ತುಂಬ್ತು.”

ಫೋನ್ ಇಟ್ಟುಬಿಟ್ಟೆ.

ಜುಲೈ 2. ಭಾನುವಾರ

ಓದಿದೆ. ಸೀಮೆಯ ಮೂರು ವರ್ಷದ ಬರಹ. ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ.

ಇದನ್ನು ಎಲ್ಲಿಯೂ ಬರೆದಿಲ್ಲ ನಾನು. ಈಗ ಬರೆಯುತ್ತೇನೆ. 2012, ಮೇ 19. ಕೋಳಿಕ್ಕೋಡಿನ ಆಸ್ಪತ್ರೆ. ಏಳು ತಿಂಗಳು ತುಂಬಿತ್ತು. ಹೆಣ್ಣು. ಅಳಲಿಲ್ಲ. ನನಗೆ ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಮಕ್ಕಳು ಆಗಲೂ ಇಲ್ಲ. ಇವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗಂಡಸರಿಗೆ ಮರೆತುಹೋಗುತ್ತದೆ ಅಂದುಕೊಂಡಿದ್ದೆ.

ಜಾನುವಿನ ಹುಟ್ಟಿದ ದಿನ ಮೇ 19. ಮೂರು ಸಲ ಆಚರಿಸಿದ್ದಾರೆ. ಕಥೆ ಶುರುವಾದಾಗಲೇ ಎಂಟು ತುಂಬಿತ್ತು, ಮುಂದಿನ ಹಲ್ಲು ಬಿದ್ದಿತ್ತು. ಆನೆ ಅಂದರೆ ಪೇಡಿ. ನೀರು ಅಂದರೆ ಹೆದರಿಕೆಯೇ ಇಲ್ಲ. ಬೆಂಡೆಕಾಯಿ ತಿನ್ನುವುದಿಲ್ಲ — ನಾನೂ ತಿನ್ನುವುದಿಲ್ಲ. ಜೂನ್ ಎಂಟು, ಮಧ್ಯಾಹ್ನ ಎರಡೂ ಕಾಲು: ಕಾಳನ್ ಸಂತೆಯಿಂದ ಎರಡೂವರೆ ಮೀಟರ್ ಹಸಿರು ಬಟ್ಟೆ ತಂದ. ಮೂರು ಇಂಚು ಒಳಮಡಿಕೆ ಬಿಟ್ಟು ಲಂಗ ಹೊಲಿಸಿದ, ಬೆಳೆಯುವ ಮಗು. ನಾನು ಎದುರಿಗೇ ಕೂತು ಗುಂಡಿಗೆ ಕಾಜಾ ಹೊಲಿಯುತ್ತಿದ್ದೆ ಆಗ. ಎದುರಿಗೇ!

ಉಪ್ಪು ಮಾರುವ ಅಮ್ಮಾಳು ಅಂತ ಒಂದು ಪಾತ್ರ. ಅವಳು ಒಮ್ಮೆ ಕೇಳುತ್ತಾಳೆ, ಈ ಮಗುವಿನ ತಾಯಿ ಎಲ್ಲಿ? ಕಾಳನ್ ಹೇಳುತ್ತಾನೆ: “ಇದಾಳೆ, ಹೊಳೆಯ ಆಚೆ ದಡದಲ್ಲಿ. ಮಗು ಇಲ್ಲಿ ಬೆಳೀತಿದೆ ಅಂತ ಅವಳಿಗೆ ಇನ್ನೂ ಹೇಳಿಲ್ಲ. ಧೈರ್ಯ ಬಂದಿಲ್ಲ.”

ಒತ್ತಕ್ಷರ ಎಲ್ಲ ಸರಿಯಾಗಿದೆ.

ಜುಲೈ 4. ಮಂಗಳವಾರ

ಗುಂಡ ಮತ್ತೆ ಫೋನ್ ಮಾಡಿದ್ದ. ಅವರಲ್ಲೊಂದು ಕಟ್ಟಳೆ ಇದೆಯಂತೆ. ಒಂದು ಮನೆಯ ಕಥೆ ಬರೆಯುವವರು ನಲವತ್ತು ದಿನ ಏನೂ ಬರೆಯದಿದ್ದರೆ ಆ ಮನೆಯ ದೀಪ ಆರಿಸುತ್ತಾರೆ. ಮನೆಯಲ್ಲಿದ್ದವರನ್ನು ಕೊನೆಯ ತೋಣಿ ಹತ್ತಿಸಿ ಕಳಿಸಿದರೆ ಮತ್ತೆ ಆ ಹೆಸರನ್ನು ಯಾರೂ ಬರೆಯುವ ಹಾಗಿಲ್ಲ. ಕಟ್ಟಳೆ ಮಾಡಿದವರೇ ಇವರು! ಇವರ ಕೊನೆಯ ಬರಹ ಜೂನ್ ಹತ್ತರ ಬೆಳಿಗ್ಗೆ. ಹಾಗಾದರೆ ದೀಪ ಆರಿಸುವುದು ಜುಲೈ 20, ಸಂಜೆ ಆರಕ್ಕೆ.

ಬೇರೆಯವರು ಜಾನುವನ್ನು ಮುಂದುವರಿಸಬಹುದು, ಮನೆಯವರು ಒಪ್ಪಬೇಕು. ಅಮ್ಮಾಳು ಪಾತ್ರ ಬರೆಯುವ ಹುಡುಗಿ ಕೇಳಿದ್ದಾಳಂತೆ, ಮೈಸೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಬೇಡ ಅಂದೆ. ಯಾರೋ ಗುರುತಿಲ್ಲದವಳು ನನ್ನ ಮಗುವಿನ ತಲೆ ಬಾಚುವುದು ಬೇಡ.

ನನ್ನ ಮಗು ಅಂತ ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ.

ಜುಲೈ 9. ಭಾನುವಾರ. ನೂಲ್ಪುಳ

ಮಗುವನ್ನು ಎಲ್ಲಿ ಮಣ್ಣು ಮಾಡಿದಿರಿ ಅಂತ ಅತ್ತೆಯ ಹತ್ತಿರ ಕೇಳಿದೆ. ಹನ್ನೊಂದು ವರ್ಷದ ಮೇಲೆ. ಗದ್ದೆ ಬದಿಯಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಕೈ ನಿಂತಿತು. ಆಮೇಲೆ ಹೇಳಿದರು.

“ಮಾದುನೇ ಎತ್ಕಂಡ್ ಬಂದ, ಜೀಪಲ್ಲಿ, ಮಡಿಲಲ್ಲಿ ಇಟ್ಕಂಡು. ಬಿಸಿನೀರಲ್ಲಿ ಅವನೇ ಮೈ ತೊಳ್ದ. ಯಾರ್ನೂ ಮುಟ್ಟಕ್ ಬುಡ್ಲಿಲ್ಲ. ಮೂಗು ನಿಂದೇ ಕಣವ್ವ. ನಿಂಗೆ ಹೇಳ್ಬೇಡ ಅಂದೋಳು ನಾನೇ. ಕೇಳುದ್ರೆ ಪೇಡಿ ಆಗಿ ನೀನೂ ಹೋಗ್ಬುಟ್ಟೀಯ ಅಂದೆ. ಅವ್ನು ಕೇಳ್ದ, ಯಾವಾಗ ಹೇಳದು ಅವ್ವ ಅಂತ. ಇನ್ನೊಂದ್ ಆಗ್ಲಿ, ಆಮೇಲ್ ಹೇಳು ಅಂದೆ.”

ಇನ್ನೊಂದು ಆಗಲಿಲ್ಲ.

ಜಾಗ ತೋರಿಸಿದರು. ನೀರಿನ ತೋಡಿನ ಈ ಬದಿ, ಬಿದಿರಿನ ಹಿಂಡಿಲ ಪಕ್ಕ. ನಾನು ಈ ಮನೆಗೆ ಬಂದಾಗಲೆಲ್ಲ ಅದೇ ದಾರಿಯಲ್ಲಿ ಬಟ್ಟೆ ಒಗೆಯಲು ಹೋಗಿದ್ದೇನೆ.

ಅತ್ತೆಯ ಮೇಲೆ ಕೋಪ ಮಾಡಬೇಕು ಅನ್ನಿಸಿತು, ಆಗಲಿಲ್ಲ. ಸೊಪ್ಪು ಮುಂದೆ ಎಳೆದುಕೊಂಡು ನಾನೂ ಸೋಸಿದೆ. ಕೋಪ ಇರುವುದು ಇವರ ಮೇಲೆ. ನಲವತ್ತು ಜನ ಗುರುತಿಲ್ಲದವರ ಮುಂದೆ ಮಗಳನ್ನು ಎತ್ತಿ ಆಡಿಸಿದಿರಿ. ನಾನು ಆರು ಅಡಿ ದೂರದಲ್ಲಿದ್ದೆ. ನನ್ನ ಹತ್ತಿರ ಅಳಲಿಕ್ಕೆ ಏನು ಕಷ್ಟ ಇತ್ತು ನಿಮಗೆ?

ಜುಲೈ 14. ಶುಕ್ರವಾರ

ಟೈಪ್ ಮಾಡುವುದು, ಅಳಿಸುವುದು. ‘ಜಾನು ಎದ್ದಳು.’ ಎದ್ದು ಏನು ಮಾಡಿದಳು? ‘ಜಾನು ಗಂಜಿ ಕುಡಿದಳು.’ ಇವರು ಬರೆದರೆ ಮಗು ನಡೆದಾಡುತ್ತಿತ್ತು. ನಾನು ಬರೆದರೆ ಗೊಂಬೆ ಹಾಗೆ ಕೂತಿರುತ್ತದೆ.

ಪದ್ಮಾಕ್ಷಿ ಟೀಚರ ಮೆಷಿನ್ ಇನ್ನೂ ಬಿಚ್ಚಿದ ಹಾಗೇ ಇದೆ. ಅವರು ಬಂದು ನೋಡಿ ಹೋದರು.

ಜುಲೈ 17. ಸೋಮವಾರ

ಗುಂಡನಿಗೆ ಹೇಳಿದೆ, ದೀಪ ಆರಿಸಿಬಿಡಿ. ಅಪ್ಪನ ಜೊತೆ ಹೋಗಲಿ. ಇವರೂ ಒಬ್ಬರೇ ಇದ್ದಾರೆ. ಸರಿ ಅಕ್ಕ ಅಂದ.

ಅನ್ನ ಸೇರಲಿಲ್ಲ. ಎರಡನೇ ಸಲ ಮಗುವಿನ ಮುಖ ನನಗೆ ತೋರಿಸದೆ ಕಳಿಸುತ್ತಿದ್ದಾರೆ. ಈ ಸಲ ಕಳಿಸಿ ಅಂದವಳು ನಾನೇ.

ಜುಲೈ 19. ಬುಧವಾರ

ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಾಗ ಹೊಳೆಯಿತು. ಇಷ್ಟು ಸಣ್ಣ ವಿಷಯ. ನಾನೇ ಜಾನುವನ್ನು ಬರೆದರೆ ನಾನು ಅವಳನ್ನು ನೋಡುವುದು ಹೇಗೆ? ನನ್ನ ಜೊತೆ ನಾನೇ ಮಾತಾಡಿದ ಹಾಗೆ ಆಗುತ್ತದೆ. ಅವಳು ಬೇರೆ ಕಡೆಯಿಂದ ಬರಬೇಕು. ನನಗೆ ಗೊತ್ತಿಲ್ಲದ್ದನ್ನು ಹೇಳಬೇಕು, ಹಟ ಮಾಡಬೇಕು, ಎದುರು ಮಾತಾಡಬೇಕು.

ಮೈಸೂರಿನ ಹುಡುಗಿಯ ನಂಬರ್ ತೆಗೆದುಕೊಂಡೆ. ನಾಳೆ ಐದು ಗಂಟೆಗೆ ಜಾನುವನ್ನು ನೀನು ಬರಿ, ನಾನು ಅವಳ ತಾಯಾಗಿ ಬರುತ್ತೇನೆ ಅಂದೆ. ಕಾಳಣ್ಣ ಬರೆದದ್ದೆಲ್ಲ ಮೊದಲಿಂದ ಇನ್ನೊಂದು ಸಲ ಓದ್ತೀನಿ ಆಂಟಿ, ಇವತ್ತು ಕ್ಲಾಸಿಗೆ ಹೋಗಲ್ಲ ಅಂದಳು.

ಜುಲೈ 20. ಗುರುವಾರ

ನಾಲ್ಕೂ ಮುಕ್ಕಾಲು. ಗಿರಾಕಿ ಇಬ್ಬರನ್ನು ನಾಳೆ ಬನ್ನಿ ಅಂತ ಕಳಿಸಿದೆ. ಕೈ ತೊಳೆದೆ. ತಲೆ ಬಾಚಿಕೊಂಡೆ, ಯಾರು ನೋಡುತ್ತಾರೋ. ಡೈರಿ ಪಕ್ಕದಲ್ಲೇ ಇದೆ. ಬಂದದ್ದು ಬಂದ ಹಾಗೆ ಇದರಲ್ಲಿ ಬರೆದಿಡುತ್ತೇನೆ, ಫೋನ್ ನಂಬುವುದಕ್ಕಾಗುವುದಿಲ್ಲ.

ಐದು. ಹೆಚ್ಚುಕಡಿಮೆ ಎಲ್ಲರೂ ಇದ್ದಾರೆ, ಮೂವತ್ತೆಂಟು ಜನ ಆನ್‌ಲೈನ್. ನಾನು ಬರೆದೆ: ‘ಕಡವಿಗೆ ಒಬ್ಬ ಹೆಂಗಸು ಬಂದಳು. ನಾನು ಜಾನುವಿನ ತಾಯಿ. ಬರುವುದು ತಡವಾಯಿತು. ನನಗೆ ದಾರಿ ಗೊತ್ತಿರಲಿಲ್ಲ.’

ಟೈಪಿಂಗ್ ಅಂತ ತೋರಿಸುತ್ತಿದೆ. ನಿಂತಿತು. ಮತ್ತೆ ಟೈಪಿಂಗ್.

ಬಂತು. ‘ಹಸಿರು ಲಂಗದ ಹುಡುಗಿ ಗುಡಿಸಲಿನಿಂದ ಹೊರಗೆ ಬಂದಳು. ಹೆಂಗಸಿನ ಮುಖವನ್ನೇ ನೋಡಿದಳು. ನಿಮ್ಮ ಮೂಗು ನನ್ನ ಹಾಗೇ ಇದೆ ಅಂದಳು.’

ಇದನ್ನು ನಾನು ಆ ಹುಡುಗಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಇವರು ಎಲ್ಲೋ ಬರೆದಿರಬೇಕು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಷರ ಕಾಣುತ್ತಿಲ್ಲ. ಸೆರಗಿನಲ್ಲಿ ಫೋನ್ ಒರೆಸಿದೆ, ಒರೆಸಬೇಕಾದದ್ದು ಕಣ್ಣು.

‘ಚಾಯ ಕುಡೀತೀರಾ? ನನಗೆ ಮಾಡಕ್ಕೆ ಬರುತ್ತೆ.’ ಕುಡಿಯುತ್ತೇನೆ ಮಗಳೇ ಅಂತ ಬರೆದೆ. ಸಕ್ಕರೆ ಎಷ್ಟು ಅಂದಳು. ಎರಡು ಚಮಚ ಅಂದೆ. ಜಾಸ್ತಿಯಾಯಿತು ಅಂತ ಬೈದಳು!

ಐದೂ ನಲವತ್ತು. ದೀಪ ಹಚ್ಚಿದ್ದಾಳೆ. ಗುಂಡ ಗಡಿಯಿಂದ ಕೂಗಿದ, ಕಾಳನ ಮನೆಯಲ್ಲಿ ಬೆಳಕಿದೆ ಅಂತ. ಇನ್ನು ಆರಿಸುವ ಹಾಗಿಲ್ಲ.

ಈಗ ಇನ್ನೊಂದು ಬಂತು.

‘ಎಲ್ಲಾ ಕಡವಿನಲ್ಲೂ ತೋಣಿ ಕಟ್ಟಿಹಾಕಿದ್ರು. ಯಾಕೆ ಅಂತ ನನಗೆ ಯಾರೂ ಹೇಳ್ಲಿಲ್ಲ. ಅಮ್ಮ, ಅಪ್ಪ ಯಾವಾಗ ಬರ್ತಾರೆ?’

ಮೂವತ್ತೆಂಟು ಜನ. ನಲವತ್ತು ದಿನ ಆ ಮಗುವಿಗೆ ಯಾರೂ ಹೇಳಿಲ್ಲ. ಇವತ್ತು ಬೇಡ ಅನ್ನಬಹುದು. ದೊಡ್ಡವಳಾಗಲಿ ಅನ್ನಬಹುದು. ಸಂತೆಗೆ ಹೋಗಿದ್ದಾರೆ, ಬರುತ್ತಾರೆ ಅಂತ ಬರೆದರೂ ಆ ಹುಡುಗಿ ಒಪ್ಪಿಕೊಂಡು ಮುಂದೆ ಬರೆಯುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿಡಬಹುದು. ನನಗೆ ಮುಚ್ಚಿಟ್ಟದ್ದೂ ಒಳ್ಳೆಯ ಮನಸ್ಸಿನಿಂದಲೇ.

ಇಲ್ಲ. ಹೇಳುತ್ತೇನೆ. ಮೊದಲು ಇಲ್ಲಿ ಬರೆದು ನೋಡಿ ಆಮೇಲೆ ಅಲ್ಲಿ ಹಾಕುತ್ತೇನೆ.

ಜಾನು, ಚಾಯ ಕೆಳಗಿಡು. ಬಾ, ನನ್ನ ಪಕ್ಕ ಕೂತ್ಕೋ. ಕೈ ಕೊಡು. ಅಪ್ಪ…