ಅರ್ಧಚಂದ್ರದ ಬಾತು

ಪೋರ್ಟ್ ಟರ್ನ್‌ಬುಲ್, ಈರಿ ಸರೋವರ
ಮಂಗಳವಾರ, ನವೆಂಬರ್ ೨೨, ೧೯೮೮

ಪ್ರೀತಿಯ ಮ್ಯೂರಿಯಲ್,

ಬೈಯುವುದನ್ನೆಲ್ಲ ಬೈದು ಮುಗಿಸಿದ ಮೇಲೇ ಇದನ್ನು ಓದು. ನಿನ್ನ ಎರಡು ಕಾಗದಗಳೂ ಅಡುಗೆಮನೆಯ ಕಿಟಕಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. ಸೇಬು ಒಣಗಿಸುವುದು, ಕಿಟಕಿಗಳಿಗೆ ಚಳಿಗಾಲದ ಗಾಜು ಕೂರಿಸುವುದು ಎಂದು ನೆಪ ಹೇಳಬಹುದು, ಆದರೆ ನೀನು ನಂಬುವವಳಲ್ಲ. ಎರಡರಲ್ಲೂ ನೀನು ಕೇಳಿದ್ದು ಒಂದೇ. ನನ್ನ ಗಂಡನೆನಿಸಿಕೊಂಡ ನಿನ್ನ ತಮ್ಮ ಲೋರ್ನ್‌ನ ಕಣ್ಣು ಹೇಗಿದೆ, ಈ ವರ್ಷವೂ ದಂಡೆಯ ಮೇಲೆ ಕೂತು ಕಂಡ ಹಕ್ಕಿಯ ಹೆಸರು ಕೂಗಿ ಲೆಕ್ಕ ಬರೆಸುತ್ತಾನೋ ಇಲ್ಲವೋ ಎಂದು. ಸರಿಯಾದ ಉತ್ತರ ಸಿಗಲಿ ಎಂದು ಕಾಯುತ್ತಿದ್ದೆ.

ಕಣ್ಣು ಚೆನ್ನಾಗಿದೆ. ಸೆಪ್ಟೆಂಬರಿನಲ್ಲಿ ಪೊರೆ ತೆಗೆದರು. ಕಟ್ಟು ಬಿಚ್ಚಿದ ದಿನವೇ ಮನೆಗೆ ಬಂದವನು ಸೂರು ನೋಡಿಕೊಂಡು, "ಆರ್ಡಿತ್, ಈ ಜೇಡರ ಬಲೆ ಇಷ್ಟು ವರ್ಷ ಇಲ್ಲೇ ಇತ್ತೇನೇ?" ಎಂದ. "ಇತ್ತು, ನಿನಗೆ ಕಾಣದೆ ನನಗೆ ಸುಖವಾಗಿತ್ತು" ಎಂದೆ. ಈಗ ದಿನಕ್ಕೊಂದು ಕೊಳೆ ಹುಡುಕಿ ತೋರಿಸುತ್ತಾನೆ. ಡಾಕ್ಟರು ಹುಡುಗರ ಕಣ್ಣು ಇದ್ದಹಾಗಿದೆ ಎಂದು ಹೊಗಳಿದ್ದು ಅವನ ತಲೆಗೇರಿದೆ.

ಆದರೂ ಅಕ್ಟೋಬರಿನಲ್ಲಿ ಹ್ಯಾಮಿಶ್ ಮನೆತನಕ ಬಂದಿದ್ದ. ನೀನು ಇಲ್ಲಿಂದ ಹೋದ ಮೇಲೆ ನಮ್ಮ ಹಕ್ಕಿ ನೋಡುವವರ ಗುಂಪಿಗೆ ಅವನೇ ಯಜಮಾನ. ಒಳಗೆ ಬರದೆ ಬಾಗಿಲಲ್ಲೇ ನಿಂತು ಟೋಪಿ ತಿರುವುತ್ತ, "ವಸಂತದಲ್ಲಿ ಲೋರ್ನ್ ಒಂದು ಹಕ್ಕಿಗೆ ಇನ್ನೊಂದರ ಹೆಸರು ಕೂಗಿದ್ದ ನೋಡು. ಈ ಸಲ ಬೇರೆ ಯಾರಾದ್ರೂ ಕೂಗ್ಲಿ ಅಂತಿದಾರೆ ಕೆಲವರು. ನೀನೇನಂತೀ?" ಎಂದ. ದಂಡೆಯ ಮೇಲಿನ ಆ ಕೂಗುವವನ ಕುರ್ಚಿ ತಪ್ಪಿದರೆ ನಿನ್ನ ತಮ್ಮ ಚಳಿಗಾಲ ಹೇಗೆ ಕಳೆದಾನು, ನೀನೇ ಹೇಳು. "ಅದು ಪೊರೆ ಮಾಡಿದ ಕೆಲಸ. ಈಗ ಪೊರೆ ಇಲ್ಲ, ಅವನೇ ಕೂಗ್ತಾನೆ" ಎಂದು ಬಾಗಿಲು ಹಾಕಿಕೊಂಡೆ.

ಹಾಗಾಗಿ ಈ ನವೆಂಬರಿನ ಭಾನುವಾರಗಳಲ್ಲೂ ಅವನೇ ಕೂಗುತ್ತಿದ್ದಾನೆ, ನಾನೇ ಪಕ್ಕದಲ್ಲಿ ದುರ್ಬೀನು ಹಿಡಿದು "ಹೌದು" ಎನ್ನುತ್ತಿದ್ದೇನೆ. ಎರಡನೆಯವರು ಹೌದು ಅನ್ನದೆ ಯಾವ ಹಕ್ಕಿಯೂ ಲೆಕ್ಕಕ್ಕಿಲ್ಲ ಎಂಬ ಕಟ್ಟಳೆ ಹಾಗೇ ಇದೆ. ಇಲ್ಲದ ಹಕ್ಕಿ ಕೂಗಿದವರು ಇಡೀ ಗುಂಪಿಗೆ ಹಣ್ಣು ತುಂಬಿದ ಪೈ ಬೇಯಿಸಿ ತಿನ್ನಿಸಬೇಕೆನ್ನುವುದೂ ಹಾಗೇ ಇದೆ. ಹಂಸಗಳು ಈ ಸಲ ತಡವಾಗಿ ಬಂದವು, ಬಂದಾಗ ಒಟ್ಟಿಗೇ ಬಂದವು. ಜೋಳ ಕಟಾವಾದ ಹೊಲಗಳೆಲ್ಲ ಬೆಳ್ಳಗಾಗಿ, ಅವುಗಳ ಗದ್ದಲದಲ್ಲಿ ಚರ್ಚಿನ ಪಾದ್ರಿ ಏನು ಹೇಳಿದರೋ ಯಾರಿಗೂ ಕೇಳಿಸಲಿಲ್ಲ. ಮರಳದಿಬ್ಬದ ಮೇಲೆ ಹಿಮಗುಬ್ಬಿಗಳು ಬಂದಿವೆ. ಜೌಗಿನ ಹುಲ್ಲಿನಲ್ಲಿ ಗೂಬೆಯೊಂದು ಹಾಡುಹಗಲೇ ಇಲಿ ಹಿಡಿಯುತ್ತದೆ. ದಂಡೆಯ ಮೇಲೆ ಥರ್ಮಸ್ಸಿನ ಕಾಫಿ ಕುಡಿಯುತ್ತ ಇದನ್ನೆಲ್ಲ ನೋಡುವಾಗ ನನಗೆ ಇನ್ನೇನೂ ಬೇಡವೆನಿಸುತ್ತದೆ, ಮ್ಯೂರಿಯಲ್.

ಇನ್ನು ಮೊನ್ನೆ ಭಾನುವಾರದ ಕಥೆ ಕೇಳು. ಮಂಜು ಕವಿದಿತ್ತು. ನಿನ್ನ ತಮ್ಮ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು, ಜೊಂಡುಹುಲ್ಲಿನ ಸಂದು ತೋರಿಸಿ, "ಹೊನ್ಗಣ್ಣಿನ ಬಾತು. ನಮ್ಮದಲ್ಲ, ಪಡುವಣ ಬೆಟ್ಟದ್ದು. ಕೆನ್ನೆ ನೋಡು" ಎಂದ. ನಮ್ಮ ಕಡೆಯದಕ್ಕೆ ಕೆನ್ನೆಯಲ್ಲಿ ದುಂಡು ಬೊಟ್ಟು, ಆ ಕಡೆಯದಕ್ಕೆ ಅರ್ಧಚಂದ್ರ ಅಲ್ಲವೇ. ನೋಡಿದೆ. ಅರ್ಧಚಂದ್ರವೇ. "ಹೌದು" ಎಂದೆ.

ಹೌದು ಎಂದಿದ್ದೇ ತಡ, ಹ್ಯಾಮಿಶ್ ಅಂಗಡಿಗೆ ಓಡಿ ಫೋನು ಹಚ್ಚಿದ. ಪಕ್ಕದ ಎರಡು ಊರಿನವರು ಊಟ ಬಿಟ್ಟು ಕಾರು ಹತ್ತಿ ಬಂದರು. ಎಲ್ಲರೂ ಮೂಗು ಕೆಂಪಗೆ ಮಾಡಿಕೊಂಡು ಸಾಲಾಗಿ ನಿಂತು ಆ ಬಾತನ್ನೇ ನೋಡಿದ್ದೂ ನೋಡಿದ್ದೇ. ಬಾತು ಅಲೆಗೆ ತೂಗುತ್ತಿತ್ತು, ಅಷ್ಟೇ. "ಒಂದು ಸಲಾನೂ ಮುಳುಗ್ಲಿಲ್ವಲ್ಲ, ಹಸಿವಾಗಲ್ವಾ ಅದಕ್ಕೆ?" ಎಂದಳು ನಮ್ಮ ಗುಂಪಿನ ಥೆಲ್ಮಾ. ಅವಳ ನಾಲಿಗೆ ನಿನಗೆ ಗೊತ್ತೇ ಇದೆ. "ದೂರದಿಂದ ಬಂದಿದೆ, ದಣಿದಿದೆ" ಎಂದ ಹ್ಯಾಮಿಶ್ ಬಹಳ ಗಂಭೀರವಾಗಿ. ಅಷ್ಟರಲ್ಲಿ ಒಂದು ನೀರುಕಾಗೆ ಬಂದು ಬಾತಿನ ಬೆನ್ನ ಮೇಲೆ ಕೂತು, ರೆಕ್ಕೆ ಹರಡಿ ಒಣಗಿಸಿಕೊಳ್ಳತೊಡಗಿತು.

ಮರದ ಬಾತು. ಬೇಟೆಯವರು ನಿಜವಾದ ಬಾತುಗಳನ್ನು ಇಳಿಸಲು ನೀರಲ್ಲಿ ತೇಲಿಬಿಡುವಂಥದ್ದು, ಹೋದ ವಾರದ ಗಾಳಿಗೆ ಹಗ್ಗ ಕಿತ್ತುಕೊಂಡು ಬಂದಿತ್ತು. ಆಮೇಲೆ ಥೆಲ್ಮಾ "ಲೋರ್ನ್, ಪೈ ಸೇಬಿಂದಾ ಮರದ ಪುಡೀದಾ?" ಎಂದಳು ನೋಡು, ಇಡೀ ದಂಡೆ ನಗೆಯಲ್ಲಿ ಮುಳುಗಿತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಿನ್ನ ತಮ್ಮನೇ. ಹ್ಯಾಮಿಶ್ ಉದ್ದ ಬೂಟು ಹಾಕಿಕೊಂಡು ನೀರಿಗಿಳಿದು ಅದನ್ನು ತಂದು, ಬಹುಮಾನ ಕೊಡುವವನ ಹಾಗೆ ಬಾಗಿ ನನ್ನ ಕೈಗಿತ್ತ. ಹೊರಡುವಾಗ ಪಕ್ಕಕ್ಕೆ ಕರೆದು, "ಅಷ್ಟು ದೂರದಿಂದ ಆ ಅರ್ಧಚಂದ್ರ ನನಗೇ ಕಂಡಿರ್ಲಿಲ್ಲ. ಅವನ ಕಣ್ಣಿನ ಮಾತು ಇನ್ನು ನಾನು ಎತ್ತಲ್ಲ. ಕುರ್ಚಿ ಅವನದೇ" ಎಂದ.

ನಿನ್ನೆಯೆಲ್ಲ ಪೈ ಬೇಯಿಸಿದೆ. ಮನೆ ಇನ್ನೂ ದಾಲ್ಚಿನ್ನಿ ಪರಿಮಳದಲ್ಲಿದೆ. ಲೋರ್ನ್ ಸೇಬು ಹೆಚ್ಚಿಕೊಟ್ಟ, ಹೆಚ್ಚಿದ್ದರಲ್ಲಿ ಅರ್ಧ ತಾನೇ ತಿಂದ. ನಿನ್ನ ಮಂಡಿ ನೋವು ಹೇಗಿದೆ? ವಿನಿಪೆಗ್ಗಿನಲ್ಲಿ ಆಗಲೇ ಹಿಮ ಸೊಂಟದವರೆಗೆ ಬಂದಿದೆಯಂತೆ ರೇಡಿಯೋದಲ್ಲಿ. ಮೆಟ್ಟಿಲಿಗೆ ಉಪ್ಪು ಹಾಕದೆ ಇಳಿಯಬೇಡ. ನಿನ್ನ ಒಲೆ ಬೆಚ್ಚಗಿರಲಿ, ನಿನ್ನ ಕಿಟಕಿಗೂ ನಾಲ್ಕು ಹಕ್ಕಿ ಬರಲಿ, ಒಂಟಿ ಎನಿಸಿದ ದಿನ ಯಾರಾದರೂ ಬಾಗಿಲು ತಟ್ಟಲಿ. ಈ ಚಳಿಯಲ್ಲಿ ರೈಲು ಹತ್ತುವ ಹುಚ್ಚು ಬೇಡ, ಹಿಮ ಕರಗಿದ ಮೇಲೆ ಬಾ.

ನಿನ್ನ,
ಆರ್ಡಿತ್

ಮರುಬರಹ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಆ ಬಾತನ್ನು ದಂಡೆಯ ಮೇಲೆ ಕೈಗೆ ತೆಗೆದುಕೊಂಡಾಗಲೇ ನನಗೆ ಗೊತ್ತಾಗಿತ್ತು. ಅದು ನಮ್ಮದು. ಮದುವೆಯಾದ ವರ್ಷ ಚಳಿಗಾಲದಲ್ಲಿ ಲೋರ್ನ್ ಕೆತ್ತಿದ್ದು, ಬಣ್ಣ ಹಚ್ಚಿದವಳು ನಾನು. ದುಂಡು ಬೊಟ್ಟು ಇಡಲು ಹೋಗಿ ನನ್ನ ಕುಂಚ ಜಾರಿ ಅರ್ಧಚಂದ್ರವಾಗಿತ್ತು. ಅಳಿಸುತ್ತೇನೆ ಎಂದರೆ ಅವನು ಬಿಡಲಿಲ್ಲ, "ಇಡೀ ಸರೋವರಕ್ಕೆ ಇಂಥದ್ದು ಒಂದೇ" ಎಂದು ಪ್ರತಿ ಬೇಟೆಯಲ್ಲೂ ಅದನ್ನೇ ಮೊದಲು ನೀರಿಗಿಳಿಸುತ್ತಿದ್ದ. ಬೇಟೆ ಬಿಟ್ಟ ಮೇಲೆ ಮರದ ಬಾತುಗಳನ್ನೆಲ್ಲ ಚರ್ಚಿನ ಮಾರಾಟಕ್ಕೆ ಕೊಡುವಾಗ ಅದೊಂದನ್ನು ಕೊಡಲು ಅತ್ತಿದ್ದ.

ಭಾನುವಾರ ಮನೆಗೆ ಬಂದು ಅದನ್ನು ಅಡುಗೆಮನೆಯ ಮೇಜಿನ ಮೇಲೆ, ಅವನ ಎದುರಿಗೇ ಇಟ್ಟೆ. ಎತ್ತಿಕೊಂಡ. ತಳ ತಿರುಗಿಸಿ ತಾನೇ ಕೆತ್ತಿದ ತನ್ನ ಹೆಸರಿನ ಮೇಲೆ ಬೆರಳಾಡಿಸಿದ. "ಕೆತ್ತನೆ ಪರವಾಗಿಲ್ಲ. ಬಣ್ಣ ಯಾರು ಹಚ್ಚಿದ್ರೋ ಪಾಪ, ಕೈ ಕೂತಿಲ್ಲ" ಎಂದು ನಗುತ್ತ ನನಗೆ ವಾಪಸು ಕೊಟ್ಟ. ಆ ಕಣ್ಣಿಗೆ ಎಲ್ಲ ಕಾಣುತ್ತದೆ ಮ್ಯೂರಿಯಲ್, ವಸಂತದಲ್ಲಿ ಹೆಸರು ತಪ್ಪಿದ್ದು ಪೊರೆಯಿಂದ ಅಲ್ಲವೇ ಅಲ್ಲ. ಹ್ಯಾಮಿಶ್‌ಗೆ ಹೇಳಿಲ್ಲ. ಡಾಕ್ಟರಿಗೂ ಇನ್ನೂ ಹೇಳಿಲ್ಲ, ಹೇಳಬೇಕು. ನನಗೆ ಹೆದರಿಕೆಯಾಗುತ್ತಿದೆ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ನಿನ್ನ ಮಾತು ಬಂತು, ನಿನ್ನ ಹೆಸರು ಅವನಿಗಿನ್ನೂ ನೆನಪಿದೆ, ಹೆಸರು ಹಿಡಿದೇ ಮಾತಾಡಿದ. ಹಿಮ ಕರಗುವ ತನಕ ಕಾಯಬೇಡ. ಈಗಲೇ ಬಾ.